ಕ್ಯಾಮೆರಾಕ್ಕೆ ಎಣ್ಣೆ ಹಚ್ಚಿದವರು

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಮ್ಮವರು ಬದುಕಿರುವಷ್ಟು ದಿನ ಹೇಳುತ್ತಿದ್ದರು. ಮುಂಬೈಯ ಸಯನ್‌ನ ಹೊಟೇಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಮನುಷ್ಯ, ಸೇವಂತಿಯ ಸಿಟ್ಟಿಗಿಂತ ಕಾವಲಿಯೇ ತಂಪು ಎಂದು ಗೆಳೆಯರ ಹತ್ತಿರ ನಗುತ್ತಿದ್ದರು. ಇರಲಿ. ಆದರೆ ಈ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ನನಗೆ ಬಂದ ಸಿಟ್ಟಿಗೆ ಹುಟ್ಟುಗುಣ ಕಾರಣವಲ್ಲ. ಕಾರಣ ನನ್ನ ಮಗ ಸಂದೀಪ ಹಾಲ್‌ನ ಗೋಡೆಯಲ್ಲಿ, ಅಡಿಗೆಮನೆ ಬಾಗಿಲಿನ ಮೇಲೆ, ತೂತು ಕೊರೆದು ಕೂರಿಸಿದ ಕ್ಯಾಮೆರಾ.

ಬೊರಿವಲಿಯ ಈ ಬಿಲ್ಡಿಂಗ್‌ಗೆ ನಾವು ಬಂದು ಎರಡು ವರ್ಷ. ಬಾಡಿಗೆ ಮನೆ, ನಾಲ್ಕನೇ ಮಾಳಿಗೆ. ಸಂದೀಪ ಮತ್ತು ಸೊಸೆ ಯಕ್ಷಿತಾ ಎಂಟು ಗಂಟೆಯ ಲೋಕಲ್ ಹಿಡಿದು ಕೆಲಸಕ್ಕೆ ಹೋದರೆ ಬರುವಾಗ ಎಂಟು. ಮೊಮ್ಮಗಳು ಶ್ರಾವ್ಯಾ ಏಳನೇ ಕ್ಲಾಸು, ಎರಡು ಗಂಟೆಗೆ ಬರುತ್ತಾಳೆ. ಸೊಸೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ತುಳು ಬಾರದು. ಹಾಗಾಗಿ ಮನೆಯಲ್ಲಿ ಕನ್ನಡ, ಅದೂ ಅರ್ಧ ಹಿಂದಿ ಬೆರೆತದ್ದು. ಹಗಲು ಮನೆಯಲ್ಲಿರುವುದು ನಾನೊಬ್ಬಳು. ಬೆಳಿಗ್ಗೆ ಎರಡು ತಾಸು ಮಲ್ಲವ್ವ ಬರುತ್ತಿದ್ದಳು. ವಿಜಯಪುರದ ಕಡೆಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಗಂಡ ಶೆಟ್ಟೆಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳು ಇದೇ ಬಿಲ್ಡಿಂಗ್‌ನ ಐದು ಮನೆಗಳಲ್ಲಿ ಪಾತ್ರೆ, ಕಸ, ಬಟ್ಟೆ ಮಾಡುತ್ತಿದ್ದಳು.

ಪಕ್ಕದ ಬಿಲ್ಡಿಂಗ್‌ನಲ್ಲಿ ಹಾಡುಹಗಲೇ ಕಳ್ಳತನವಾಯಿತು ಎಂಬ ನೆಪದಲ್ಲಿ ಕ್ಯಾಮೆರಾ ಬಂತು. ಆ ಹೊತ್ತಿಗೆ ನಡೆಯುವುದು ಅವರ ಫೋನಿನಲ್ಲಿ ಕಾಣುತ್ತದೆ, ಹಿಂದಿನದು ಉಳಿಯುವುದಿಲ್ಲ. ಆದರೆ ಕಳ್ಳರು ಬರಲಿಲ್ಲ. ನಾನು ಸೋಫಾದ ಮೇಲೆ ಕಾಲು ಚಾಚಿದರೆ ಗೋಡೆಯಿಂದ ಮಗನ ದನಿ ಬರುತ್ತಿತ್ತು.

"ಅಮ್ಮಾ, ಮೊಣಕಾಲಿನ ಬೆಲ್ಟ್ ಎಲ್ಲಿ?"

"ನಿಂಗೆ ಆಫೀಸಿನಲ್ಲಿ ಕೆಲಸ ಇಲ್ವಾ?"

"ಕೈಯಲ್ಲಿ ಎಂತದು? ಬಾಳೆಹಣ್ಣಾ? ನಿನ್ನ ಶುಗರ್ ಎಷ್ಟುಂಟು ಗೊತ್ತುಂಟಾ?"

"ಗೊತ್ತುಂಟು. ಬಾಳೆಹಣ್ಣು ತಿನ್ನುವಷ್ಟು ಉಂಟು."

ಒಂದು ದಿನ ಅದರ ಮೇಲೆ ಮೈ ಒರೆಸುವ ಬೈರಾಸು ಎಸೆದೆ. ಐದು ನಿಮಿಷದಲ್ಲಿ ಫೋನು ಬಂತು. ಅರವತ್ತಾರು ವರ್ಷದ ಹೆಂಗಸು ಸೆಕೆಗೆ ಸೆರಗು ಜಾರಿಸಿ ಕೂರುವ ಹಾಗಿಲ್ಲ ಎಂದರೆ ಅದು ಮನೆಯೋ ಠಾಣೆಯೋ? ಇದನ್ನು ಅವನ ಮುಖಕ್ಕೇ ಕೇಳಿದೆ. "ನಿನ್ನ ಒಳ್ಳೇದಕ್ಕೇ ಅಲ್ವಾ ಅಮ್ಮ" ಎಂದು ಅವನು ಬ್ಯಾಗು ಎತ್ತಿಕೊಂಡು ಹೋದ.

ಇನ್ನು ನಮ್ಮ ಮೀನಿನ ಸಂಗತಿ ಹೇಳಬೇಕು. ಹೇಳಲು ನಾಚಿಕೆ, ಮೀನು ತಿನ್ನುವುದಕ್ಕಲ್ಲ, ತಿಂದ ರೀತಿಗೆ. ಈ ಬಿಲ್ಡಿಂಗ್‌ನಲ್ಲಿ ಮೀನು ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ. ಮನೆ ನೋಡಲು ಬಂದ ದಿನ ಸೊಸೈಟಿಯ ಸೆಕ್ರೆಟರಿ "ನಿಮ್ಮದು ಯಾವ ಊರು" ಎಂದು ಕೇಳಿದರು. ಸಂದೀಪ ಉಡುಪಿ ಎಂದ. "ಓಹೋ ಉಡುಪಿ, ಪ್ಯೂರ್ ವೆಜ್" ಎಂದು ಅವರೇ ನಕ್ಕು ಕೈ ಕುಲುಕಿದರು. ಉಡುಪಿ ಎಂದರೆ ಇಡ್ಲಿ ಸಾಂಬಾರ್ ಮಾತ್ರ ಎಂದು ತಿಳಿದ ಜನ. ಉಡುಪಿಗೆ ಸಮುದ್ರವೂ ಇದೆ ಎಂದು ನನ್ನ ಮಗ ಬಾಯಿ ಬಿಡಲಿಲ್ಲ, ನಾನು ಬಾಯಿ ತೆಗೆಯುವ ಮೊದಲೇ ಕಾಲು ತುಳಿದ.

ಅಂದಿನಿಂದ ನಮ್ಮ ಭಾನುವಾರ ಹೀಗೆ. ಸಂದೀಪ ಬಂಗುಡೆಯನ್ನು ಮೂರು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತರುತ್ತಾನೆ. ಯಕ್ಷಿತಾ ಎಲ್ಲ ಕಿಟಕಿ ಹಾಕುತ್ತಾಳೆ. ಮುಂಬಾಗಿಲ ಕೆಳಗಿನ ಸಂದಿಗೆ ಹಳೇ ಬೆಡ್‌ಶೀಟ್ ತುರುಕುತ್ತಾಳೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕುವಂತಿಲ್ಲ, ಅದರ ಗಾಳಿ ನೇರ ಮೇಲಿನ ಮಾಳಿಗೆಯ ಸೆಕ್ರೆಟರಿಯ ಕಿಟಕಿಗೆ ಹೋಗುತ್ತದೆ. ಶ್ರಾವ್ಯಾ ಊದುಬತ್ತಿ ಹಚ್ಚುತ್ತಾಳೆ. ಆಮೇಲೆ ನಾನು ಕಾವಲಿಗೆ ತೆಂಗಿನೆಣ್ಣೆ ಬಿಟ್ಟು ಬಂಗುಡೆ ಹುರಿಯುತ್ತೇನೆ. ಹೊಗೆ ಹೋಗಲು ದಾರಿಯಿಲ್ಲದೆ ಹಾಲ್‌ಗೆ ಬರುತ್ತದೆ, ಎಲ್ಲರೂ ಕೆಮ್ಮುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಊಟ ಮಾಡುತ್ತೇವೆ. ಬುಧವಾರವೂ ಒಮ್ಮೊಮ್ಮೆ ಇದೇ ಕಥೆ. ಮುಳ್ಳುಗಳನ್ನು ಮರುದಿನ ಮಗ ಟಿಫಿನ್ ಚೀಲದಲ್ಲಿಟ್ಟು ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿ ಬರುತ್ತಾನೆ. ಬೆಳಿಗ್ಗೆ ಕಾವಲಿ ತಿಕ್ಕುವುದು ಮಲ್ಲವ್ವ. ಮೊಟ್ಟೆಯನ್ನೂ ಮುಟ್ಟದವಳು, ಮೂಗಿಗೆ ಸೆರಗು ಕಟ್ಟಿಕೊಂಡು ತಿಕ್ಕುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಈ ವಿಷಯ ಹೊರಗೆ ಆಡಲಿಲ್ಲ, ಆಡಬೇಡ ಎಂದು ನಾವು ಹೇಳಿಯೂ ಇರಲಿಲ್ಲ.

ಫೆಬ್ರವರಿಯಲ್ಲಿ ಸೆಕ್ರೆಟರಿ ಸಂದೀಪನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ, ನಿಮ್ಮ ಮಾಳಿಗೆಯಲ್ಲಿ ಮೀನಿನ ವಾಸನೆ ಬರುತ್ತದೆ ಎಂದರಂತೆ.

"ನೀನೆಂತ ಹೇಳಿದೆ?" ಎಂದು ಕೇಳಿದೆ.

"ಎಂತದೋ ಹೇಳಿ ಸರಿ ಮಾಡಿದೆ. ನೀನು ತಲೆ ಕೆಡಿಸ್ಬೇಡ" ಎಂದ. ನಾನೂ ಕೆಡಿಸಿಕೊಳ್ಳಲಿಲ್ಲ.

ಮಾರ್ಚ್ ಮೊದಲ ವಾರ ಕ್ಯಾಮೆರಾದ ಚಿತ್ರ ಹಾಳಾಯಿತು. ಶ್ರಾವ್ಯಾ ಫೋನಿನಲ್ಲಿ ನೋಡಿ ನಕ್ಕಳು.

"ಅಜ್ಜಿ, ದೇಖೋ, ನೀವು ಭೂತ್ ಥರ ಕಾಣ್ತೀರಿ."

ನೋಡಿದೆ. ಹೌದು. ನನ್ನ ಮೋರೆಯ ಜಾಗದಲ್ಲಿ ಬೆಳ್ಳಗಿನ ಉಂಡೆ. ಟ್ಯೂಬ್‌ಲೈಟಿನ ಬೆಳಕು ಹರಡಿಕೊಂಡು ಅರ್ಧ ಹಾಲ್ ನುಂಗಿತ್ತು. ಸೋಫಾ ಯಾವುದು, ಬಾಗಿಲು ಯಾವುದು, ಒಂದೂ ತಿಳಿಯದು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆ ವಾರ ದಿನಕ್ಕೆರಡು ಬಾಳೆಹಣ್ಣು ತಿಂದೆ.

ಸಂದೀಪ ಪ್ರತಿ ಸಂಜೆ ಬಂದು ಅದರ ಸೇವೆಗೆ ಕುಳಿತ. ಮೊದಲು ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ವೈಫೈ ಡಬ್ಬಿಯನ್ನು ಟಿವಿ ಪಕ್ಕದಿಂದ ಕಪಾಟಿನ ಮೇಲಕ್ಕೆ ಏರಿಸಿದ. ಹೊಸ ಅಡಾಪ್ಟರ್ ತಂದ. ಕಂಪನಿಗೆ ಫೋನು ಮಾಡಿದರೆ ಅವರು ಸಂಗೀತ ಕೇಳಿಸಿ, ರೀಸೆಟ್ ಮಾಡಿ ಎಂದರು. ಅದನ್ನೂ ಮಾಡಿದ. ಎಲ್ಲ ಮಾಡಿದ ಮೇಲೂ ನಾನು ಭೂತವೇ.

ಎಲ್ಲ ಮುಗಿದ ಮೇಲೆ ಸೊಸೆ ಸಾರು ಬಡಿಸುತ್ತಾ ಕೇಳಿದಳು.

"ಅತ್ತೆ, ನೀವು ಅದಕ್ಕೇನಾದ್ರೂ ಮಾಡಿದ್ರಾ?"

"ಎಂತ ಮಾಡುದು?"

"ಮತ್ಲಬ್, ನಿಮಗೆ ಅದು ಇಷ್ಟ ಇಲ್ಲ ಅಲ್ವಾ. ಒಮ್ಮೆ ಬೈರಾಸು ಹಾಕಿದ್ರಿ."

"ಹಾಕಿದ್ದೆ. ಹಾಕಿದೆ ಅಂತ ಹೇಳಿದ್ದೇನೆ ಸಹ. ಕದ್ದು ಮಾಡುವ ಅಭ್ಯಾಸ ನಂಗಿಲ್ಲ."

"ಕೇಳಿದ್ದಷ್ಟೇ ಅಮ್ಮ" ಎಂದು ಸಂದೀಪ ತಟ್ಟೆ ನೋಡುತ್ತಾ ಹೇಳಿದ. ನಾನು ಕೈ ತೊಳೆದುಕೊಂಡು ಎದ್ದೆ. ಎರಡು ವಾರ ಹೀಗೇ ನಡೆಯಿತು. ನಾನು ಹಾಲ್‌ಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುವುದು, ಒಬ್ಬರ ಮುಖ ಒಬ್ಬರು ನೋಡುವುದು. ನನ್ನ ಮನೆಯಲ್ಲೇ ನಾನು ಕಳ್ಳಿ.

ಮೂರನೇ ಶನಿವಾರ ಬೆಳಿಗ್ಗೆ ಸಂದೀಪ ಸ್ಟೂಲ್ ಹತ್ತಿ ಕ್ಯಾಮೆರಾದ ದುಂಡು ಮುಚ್ಚಳವನ್ನು ಬೆರಳಿನಿಂದ ಮುಟ್ಟಿದ. ಬೆರಳು ಜಾರಿತು.

"ಎಣ್ಣೆ" ಎಂದ. ಟಿಶ್ಯೂ ಕಾಗದದಿಂದ ಒರೆಸಿದ, ಕಾಗದ ಹಳದಿಯಾಯಿತು. ಯಕ್ಷಿತಾ ಅದರ ಫೋಟೋ ತೆಗೆದಳು. ಇಬ್ಬರೂ ನನ್ನ ಕಡೆ ತಿರುಗಿದರು.

"ಆ ಸ್ಟೂಲ್ ಹತ್ತುವ ಕಾಲಾ ಇದು?" ಎಂದು ಸೀರೆ ಎತ್ತಿ ಮೊಣಕಾಲಿನ ಬೆಲ್ಟ್ ತೋರಿಸಿದೆ.

"ಹಾಗಾದ್ರೆ ಸ್ಟೂಲ್ ಹತ್ತೋದು ಯಾರು?" ಎಂದಳು ಯಕ್ಷಿತಾ. ಕೇಳಿದ ಕ್ಷಣವೇ ಅವಳಿಗೆ ಉತ್ತರ ಹೊಳೆಯಿತು. ಪ್ರತಿ ಶನಿವಾರ ಸ್ಟೂಲ್ ಹತ್ತಿ ಫ್ಯಾನ್ ಒರೆಸುವುದು ಮಲ್ಲವ್ವ. ಅವಳು ಆಗ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಳು. ಎಲ್ಲರೂ ಅಡಿಗೆಮನೆಗೆ ನುಗ್ಗಿದೆವು. ಕ್ಯಾಮೆರಾಕ್ಕೆ ಎಣ್ಣೆ ಹಚ್ಚಿದ್ದು ನೀನಾ ಎಂದು ಯಕ್ಷಿತಾ ಕೇಳಿದಳು.

"ಫ್ಯಾನ್ ಒರಸೀನ್ರಿ ಅಕ್ಕಾರ. ಅದನ್ನ ಮುಟ್ಟಬ್ಯಾಡ ಅಂತ ಅಣ್ಣಾರ ಮೊದಲ ಹೇಳ್ಯಾರ. ನಾ ಮುಟ್ಟಿಲ್ರಿ."

"ನಿನ್ನ ತಲೇಲಿ ಎಣ್ಣೆ ಎಷ್ಟಿದೆ ನೋಡು. ಅದೇ ಎಣ್ಣೆ" ಎಂದಳು ಯಕ್ಷಿತಾ.

"ತಲ್ಯಾಗಿನ ಎಣ್ಣಿ ತಲ್ಯಾಗ ಇರತೈತ್ರಿ. ನಾ ಯಾಕ ಹಚ್ಚಲಿ ಅದಕ್ಕ?"

"ಯಾಕೆ ಅಂತ ನಾನು ಹೇಳ್ತೀನಿ. ಫೆಬ್ರವರಿಯಲ್ಲಿ ನೀನು ಸೋಫಾದ ಮೇಲೆ ಕೂತು ಚಾಯ್ ಕುಡೀತಿದ್ದಿ. ನಾನು ಆಫೀಸಿಂದ ನೋಡಿ ಬೈದೆ. ಆಮೇಲೇ ಇದು ಹಾಳಾದದ್ದು."

ಸೋಫಾದ ಮೇಲೆ ಕೂರು ಎಂದು ಅವಳಿಗೆ ಹೇಳಿದ್ದು ನಾನು. ಚಹಾ ಮಾಡಿ ಕೊಟ್ಟದ್ದೂ ನಾನು. ನೆಲ ಒದ್ದೆಯಿತ್ತು, ಅವಳಿಗೆ ಸೊಂಟನೋವಿತ್ತು, ಒಬ್ಬಳೇ ಚಹಾ ಕುಡಿಯಲು ನನಗೂ ಬೇಸರವಿತ್ತು. ಮಲ್ಲವ್ವ ನನ್ನ ಕಡೆ ನೋಡಿದಳು.

"ಅಮ್ಮಾರ, ನೀವರ ಹೇಳ್ರಿ."

ನಾನು ಗ್ಯಾಸ್ ಸಣ್ಣ ಮಾಡುವವಳ ಹಾಗೆ ಒಲೆಯ ಕಡೆ ತಿರುಗಿದೆ. ಏಕೆ ಎಂದರೆ ಎರಡು ವಾರದಿಂದ ನನ್ನ ತಲೆಯ ಮೇಲಿದ್ದ ಹೊರೆ ಆ ಕ್ಷಣ ಇಳಿದಿತ್ತು. ಮತ್ತೊಬ್ಬರ ತಲೆಗೆ ಏರಿತು ಎಂಬುದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಇಷ್ಟು ದೊಡ್ಡ ಬಾಯಿ ಅಂದು ಎಲ್ಲಿ ಹೋಗಿತ್ತೋ.

ಮಲ್ಲವ್ವ ಅಳಲಿಲ್ಲ. ಕೈ ಒರೆಸಿಕೊಂಡು ಗೂಟದಲ್ಲಿದ್ದ ಚೀಲ ತೆಗೆದುಕೊಂಡು ಹೋದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. ಯಕ್ಷಿತಾ ಬಿಲ್ಡಿಂಗ್‌ನ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ನಮ್ಮ ಕೆಲಸದವಳು ಮಲ್ಲವ್ವ ಕ್ಯಾಮೆರಾಕ್ಕೆ ಎಣ್ಣೆ ಹಚ್ಚಿದ್ದಾಳೆ, ಎಲ್ಲರೂ ಹುಷಾರಾಗಿರಿ. ಕೆಳಗೆ ಹಳದಿ ಕಾಗದದ ಫೋಟೋ. ಸಂಜೆಯೊಳಗೆ ಉಳಿದ ನಾಲ್ಕು ಮನೆಯವರೂ ಅವಳನ್ನು ಬೇಡ ಎಂದರು.

ಆಮೇಲಿನ ಇಪ್ಪತ್ತು ದಿನ ಮನೆಯಲ್ಲಿ ಪಾತ್ರೆಯ ಯುದ್ಧ. ಬೇರೆ ಕೆಲಸದವಳು ಸಿಗಲಿಲ್ಲ. ಬಿಲ್ಡಿಂಗ್‌ಗೆ ಬರುವ ಕೆಲಸದ ಹೆಂಗಸರೆಲ್ಲ ಒಂದೇ ಗಲ್ಲಿಯವರು, ಮಲ್ಲವ್ವನಿಗೆ ಹಾಗೆ ಮಾಡಿದ ಮನೆಗೆ ನಾವು ಬರುವುದಿಲ್ಲ ಎಂದುಬಿಟ್ಟರು. ಯಕ್ಷಿತಾ ಐದಕ್ಕೆ ಎದ್ದು ಬಟ್ಟೆ ಒಗೆದು, ಚಪಾತಿ ಲಟ್ಟಿಸಿ, ಓಡಿ ಲೋಕಲ್ ಹಿಡಿಯುತ್ತಿದ್ದಳು. ನಾನು ಒಂದು ಕಾಲಿನ ಮೇಲೆ ಭಾರ ಹಾಕಿ ಪಾತ್ರೆ ತೊಳೆಯುತ್ತಿದ್ದೆ.

"ಸ್ವಲ್ಪ ಸ್ಟೀಲ್ ತಟ್ಟೆ ಕಮ್ಮಿ ಬಳಸಿ ಅತ್ತೆ."

"ಎಲೆಯಲ್ಲಿ ಊಟ ಮಾಡುವಾ. ಬಾಳೆಮರ ನಿನ್ನ ಗಂಡ ನೆಡ್ತಾನಾ ಕೇಳು."

"ನಾನು ನಿಮಗೇನೂ ಹೇಳೋ ಹಾಗೇ ಇಲ್ಲ."

"ಹೇಳುದನ್ನೆಲ್ಲ ಊರಿಗೇ ಫೋನಿನಲ್ಲಿ ಹೇಳ್ತಿಯಲ್ಲ, ನಂಗ್ಯಾಕೆ ಹೇಳ್ತಿ?"

ಒಂದು ಸಂಜೆ ಹಾಲು ತರಲು ಇಳಿದಾಗ ವಾಚ್‌ಮನ್ ಗುರುಪಾದ ಮಾತಿಗೆ ಸಿಕ್ಕಿದ. ಅವನೂ ವಿಜಯಪುರದವನೇ.

"ಎರಡ ದಿವಸ ಮುಂಜಾನೆ ಬಂದ ನಿಂತಿದ್ಲರಿ ಮಲ್ಲವ್ವ, ಹತ್ತರ ತನಕ. ಗೇಟಿನ ಫೋನಿನ್ಯಾಗ ಸೆಕ್ರೆಟರಿ ಸಾಹೇಬ್ರ ಆಕಿ ಹೆಸರ ಕೆಂಪ ಮಾಡ್ಯಾರ, ಒಳಗ ಬರಬಾರದು ಅಂತ. ಒಳಗ ಬಿಟ್ರ ನನ್ನ ನೌಕರಿ ಹೋಗತೈತಿ."

"ಈಗ ಎಂತ ಮಾಡ್ತಾಳೆ?"

"ಶೆಟ್ಟೆಪ್ಪನ ಸೈಟಿಗೆ ಹೊಂಟಾಳ್ರಿ, ಸಿಮೆಂಟ್ ಹೊರಾಕ. ಸೊಂಟ ಹಿಡದೈತಿ ಅಂತಿದ್ಲು."

ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಬಂದೆ.

ಏಪ್ರಿಲ್ ಎರಡನೇ ವಾರ ಶ್ರಾವ್ಯಾ ಫೋನು ಹಿಡಿದುಕೊಂಡು ಬಂದಳು. "ಪಪ್ಪಾ, ಅಜ್ಜಿ ಫಿರ್ ಸೇ ಭೂತ್."

ಚಿತ್ರ ಮತ್ತೆ ಮಸುಕು. ಮಲ್ಲವ್ವ ಮನೆ ಬಿಟ್ಟು ಇಪ್ಪತ್ತು ದಿನ, ಸ್ಟೂಲ್ ಇಟ್ಟ ಜಾಗದಲ್ಲೇ ಇತ್ತು. ಯಕ್ಷಿತಾ ನನ್ನ ಕಡೆ ನೋಡಿದಳು.

"ಅತ್ತೆ, ಈಗ ಹಗಲು ಮನೆಯಲ್ಲಿ ನೀವೊಬ್ಬರೇ."

ಇಪ್ಪತ್ತು ದಿನ ನುಂಗಿದ್ದೆಲ್ಲ ಹೊರಗೆ ಬಂತು.

"ಸಂದೀಪ, ಈಗಲೇ ಮೆಕ್ಯಾನಿಕ್‌ನ ಕರಿ. ನಾಳೆ ಅಲ್ಲ, ಇವತ್ತು. ಅವನು ಸೇವಂತಿ ಹಚ್ಚಿದ್ದು ಅಂದ್ರೆ ನಾನು ಇಲ್ಲೇ ನಿಮ್ಮ ಕಾಲು ಹಿಡೀತೇನೆ. ಅಲ್ಲ ಅಂದ್ರೆ ನೀವು ಯಾರ ಕಾಲು ಹಿಡೀಬೇಕು ಅಂತ ನಾನು ಹೇಳ್ತೇನೆ."

ಸ್ಟೇಷನ್ ಹತ್ತಿರ ಅಂಗಡಿ ಇಟ್ಟಿರುವ ಸುಕೇಶ್ ಬಂದ. ಕಾರ್ಕಳದ ಕಡೆಯವನು, ನಲವತ್ತರ ಮೇಲಿನ ಮನುಷ್ಯ. ಸ್ಕ್ರೂ ಬಿಚ್ಚಿ ದುಂಡು ಮುಚ್ಚಳವನ್ನೇ ಕಳಚಿ ಕೈಗೆ ತೆಗೆದುಕೊಂಡ. ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ ನಮಗೆ ತೋರಿಸಿದ.

"ಕೈಯಲ್ಲಿ ಹಚ್ಚಿದ್ರೆ ಹೊರಗೆ ಮಾತ್ರ ಇರ್ತದೆ. ಇದು ನೋಡಿ, ಮುಚ್ಚಳದ ಒಳಮೈಗೂ ಉಂಟು. ಸ್ಕ್ರೂ ಬಿಚ್ಚದೆ ಇಲ್ಲಿಗೆ ಬೆರಳು ಹೋಗುದೇ ಇಲ್ಲ. ಹೊಗೆ ಮಾತ್ರ ಹೋಗುದು."

ಫ್ಯಾನ್ ನಿಲ್ಲಿಸಿ ರೆಕ್ಕೆಯ ಮೇಲೆ ಬೆರಳೆಳೆದ. ಅದೇ ಹಳದಿ, ಅದೇ ಅಂಟು. ಬಾಗಿಲ ಮೇಲಿನ ಗೋಡೆಗೂ ಅದೇ.

"ಮೊದಲು ಒರೆಸಿದ್ರಾ? ಹೊರಗೆ ಮಾತ್ರ ಒಣ ಕಾಗದದಲ್ಲಾ? ಅದಕ್ಕೇ ಬೇಗ ಧೂಳು ಹಿಡಿದದ್ದು." ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದ. ದನಿ ತಗ್ಗಿಸಿ ಕೇಳಿದ. "ಬಂಗುಡೆಯಾ ಅಮ್ಮ?"

ಯಕ್ಷಿತಾ ಹೋಗಿ ಮುಂಬಾಗಿಲ ಚಿಲಕ ಹಾಕಿದಳು.

"ಎಕ್ಸಾಸ್ಟ್ ಹಾಕುದಿಲ್ವಾ ನೀವು? ಕಿಟಕಿ?"

"ಹಾಕುದಿಲ್ಲ. ತೆಗೆಯುದಿಲ್ಲ" ಎಂದೆ ನಾನು. ಸುಕೇಶನಿಗೆ ಅರ್ಥವಾಯಿತು, ಅವನೂ ಬಾಡಿಗೆ ಮನೆಯವನೇ ಇರಬೇಕು. ಸೋಪುನೀರಿನಲ್ಲಿ ತೊಳೆದು ಒಣಗಿಸಿ ಹಾಕಿ ಹೋದ. ಚಿತ್ರ ಹೊಳೆಯಿತು. ಅದರಲ್ಲಿ ನಾವು ನಾಲ್ವರೂ ನಿಂತದ್ದು ಸ್ಪಷ್ಟವಾಗಿ ಕಂಡಿತು.

"ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಮನೆಯಲ್ಲಿ ನಾಲ್ಕು ಕೋತಿ ಉಂಟು" ಎಂದೆ. "ಯಕ್ಷಿತಾ, ಫೋನು ತೆಗಿ. ಮಲ್ಲವ್ವ ಮಾಡಿದ್ದಲ್ಲ ಅಂತ ಗುಂಪಿನಲ್ಲಿ ಬರಿ."

ಸೊಸೆಯ ಮುಖ ಸಣ್ಣದಾಗಿತ್ತು. ಅವಳು ಕುಳಿತು ಬರೆದಳು: ಕ್ಯಾಮೆರಾದ ತೊಂದರೆ ಟೆಕ್ನಿಕಲ್, ಮಲ್ಲವ್ವನ ತಪ್ಪಿಲ್ಲ, ಕ್ಷಮಿಸಿ. ಹತ್ತು ನಿಮಿಷದಲ್ಲಿ ಸೆಕ್ರೆಟರಿಯ ಉತ್ತರ ಬಂತು. ಶ್ರಾವ್ಯಾ ಗಟ್ಟಿಯಾಗಿ ಓದಿದಳು, ಅವಳಿಗೇನು ಗೊತ್ತು ಪಾಪ. ಎಣ್ಣೆಯ ಫೋಟೋ ನೀವೇ ಹಾಕಿದ್ದಿರಿ, ಎಣ್ಣೆ ಟೆಕ್ನಿಕಲ್ ಹೇಗಾಗುತ್ತದೆ? ಅದೂ ಅಲ್ಲದೆ ಆ ಹೆಂಗಸು ಡಬ್ಬಿಯಲ್ಲಿ ಒಣಮೀನು ತಂದು ನಿಮ್ಮ ಮಾಳಿಗೆಯಲ್ಲಿ ತಿನ್ನುತ್ತಾಳೆ ಎಂದು ಸಂದೀಪ್ ಭಾಯಿಯೇ ನನಗೆ ಹೇಳಿದ್ದಾರೆ. ಅಂಥವಳನ್ನು ಮತ್ತೆ ಒಳಗೆ ಬಿಡುವ ಪ್ರಶ್ನೆಯೇ ಇಲ್ಲ.

ನಾನು ಮಗನ ಮುಖ ನೋಡಿದೆ. ಲಿಫ್ಟಿನ ಹತ್ತಿರ ಅವನು ಸರಿ ಮಾಡಿದ್ದು ಹೀಗೆ.

"ಹೌದಾ?" ಎಂದೆ.

"ಬಾಯಿಗೆ ಬಂದದ್ದು ಹೇಳಿದೆ ಅಮ್ಮ. ಅವಳಿಗೆ ಗೊತ್ತಾಗುದಿಲ್ಲ ಅಂತ."

"ಕೊರಳಲ್ಲಿ ಲಿಂಗ ಕಟ್ಟಿದವಳ ಬಾಯಿಗೆ ಮೀನು ತುರುಕಿದೆಯಾ ನೀನು? ನಿನ್ನ ಎಂಜಲು ಕಾವಲಿ ಮೂಗು ಕಟ್ಟಿಕೊಂಡು ತಿಕ್ಕಿದವಳಿಗೆ?"

"ಮತ್ತೆ ಎಂತ ಹೇಳ್ಬೇಕಿತ್ತು? ಮೀನು ನಮ್ಮದು ಅಂತಲಾ? ನಾಳೆಯೇ ಮನೆ ಬಿಡಿ ಅಂತಾರೆ. ಶ್ರಾವ್ಯಾಳ ಸ್ಕೂಲು? ಈ ಬಾಡಿಗೆಗೆ ಬೇರೆ ಎಲ್ಲಿ ಸಿಗ್ತದೆ?"

"ಅವಳದ್ದು ಐದು ಮನೆ ಹೋಯ್ತು. ನಿಂದು ಒಂದು."

"ಅವಳು ಬೇರೆ ಬಿಲ್ಡಿಂಗ್ ನೋಡ್ಕೊಳ್ತಾಳೆ ಅಮ್ಮ. ಅವರಿಗೆಲ್ಲ ಕೆಲಸ ಸಿಗ್ತದೆ."

"ಸಿಕ್ಕಿದೆ. ಸೊಂಟನೋವಿನಲ್ಲಿ ಸಿಮೆಂಟ್ ಹೊರ್ತಿದ್ದಾಳೆ."

ಅವನು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಯಕ್ಷಿತಾ ಫೋನನ್ನು ತಿರುವಿ ಮೇಜಿನ ಮೇಲಿಟ್ಟಳು. "ಅತ್ತೆ, ಅವರು ಹಾಗೆ ಹೇಳಿದ್ದು ನಂಗೂ ಗೊತ್ತಿರ್ಲಿಲ್ಲ" ಎಂದಳು. ನಾನು ಆ ದಿನ ಅವಳಿಗೆ ಬೈಯಲಿಲ್ಲ.

ಭಾನುವಾರ ಹನ್ನೊಂದಕ್ಕೆ ಕೆಳಗೆ ಪಾರ್ಕಿಂಗ್‌ನಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಮೀಟಿಂಗ್ ಇತ್ತು. ಸಂದೀಪ ಹೋಗಿದ್ದ. ನಾನು ಒಳ್ಳೆಯ ಸೀರೆ ಉಟ್ಟು, ಮೊಣಕಾಲಿಗೆ ಬೆಲ್ಟ್ ಕಟ್ಟಿ, ಲಿಫ್ಟಿನಲ್ಲಿ ಇಳಿದೆ. ಮೂವತ್ತು ನಲವತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ನಾನು ಮುಂದೆ ಹೋಗಿ ನಿಂತೆ.

"ಆ್ಯಂಟೀಜಿ, ಈಗ ಪಾನಿ ವಿಷಯ ನಡೀತಿದೆ" ಎಂದರು ಸೆಕ್ರೆಟರಿ ಹಿಂದಿಯಲ್ಲಿ.

"ಮೊದಲು ಎಣ್ಣೆಯ ವಿಷಯ" ಎಂದೆ. ನನ್ನ ಹಿಂದಿ ಸಯನ್‌ನ ಮಾರ್ಕೆಟ್ಟಿನಲ್ಲಿ ಕಲಿತ ಹಿಂದಿ, ಗಂಡು ಹೆಣ್ಣು ಎಲ್ಲ ಅದಲುಬದಲು. ಆದರೆ ಕೇಳಿಸುತ್ತದೆ. ಅದರಲ್ಲೇ ಹೇಳಿದೆ. ಮೀನು ತಿನ್ನುವುದು ಮಲ್ಲವ್ವ ಅಲ್ಲ, ನಾವು. ಎರಡು ವರ್ಷದಿಂದ, ಭಾನುವಾರ ಮತ್ತು ಬುಧವಾರ. ಕಿಟಕಿ ಹಾಕಿ, ಫ್ಯಾನ್ ಹಾಕದೆ, ಕದ್ದು. ಆ ಹೊಗೆಯ ಎಣ್ಣೆ ನಮ್ಮ ಕ್ಯಾಮೆರಾಕ್ಕೆ ಕೂತಿದೆ, ವಾಸನೆ ನಿಮ್ಮ ಮೂಗಿಗೆ ಬಂದಿದೆ. ಆ ಹೆಂಗಸು ಮೊಟ್ಟೆಯನ್ನೂ ಮುಟ್ಟಿಲ್ಲ, ಕ್ಯಾಮೆರಾವನ್ನೂ ಮುಟ್ಟಿಲ್ಲ. ಇಡೀ ಬಿಲ್ಡಿಂಗ್‌ನಲ್ಲಿ ಶುದ್ಧ ಸಸ್ಯಾಹಾರಿ ಯಾರಾದರೂ ಇದ್ದರೆ ಅವಳು. ಅವಳ ಮೇಲೆ ಹೇಳಿದ್ದು ಸುಳ್ಳು, ಹೇಳಿದವನು ನನ್ನ ಮಗ, ಅವನು ಮೂರನೇ ಸಾಲಿನಲ್ಲಿ ಕೂತಿದ್ದಾನೆ.

ಸಂದೀಪ ತಲೆ ತಗ್ಗಿಸಿದ.

"ಆದರೆ ನೀವು ಉಡುಪಿಯವರಲ್ಲವೇ?" ಎಂದರು ಸೆಕ್ರೆಟರಿ, ಮೋಸಹೋದವರ ದನಿಯಲ್ಲಿ.

"ಉಡುಪಿಯಲ್ಲಿ ಸಮುದ್ರವೂ ಉಂಟು."

"ಮನೆ ಓನರ್‌ಗೆ ಹೇಳಬೇಕಾಗುತ್ತದೆ ಆ್ಯಂಟೀಜಿ."

"ಹೇಳಿ. ಮೊದಲು ಗೇಟಿನ ಫೋನಿನಲ್ಲಿ ಅವಳ ಹೆಸರಿನ ಕೆಂಪು ತೆಗೆಯಿರಿ. ತೆಗೆಯುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ, ನಿಮ್ಮ ಟ್ಯಾಂಕಿಗೆ ನೀರೂ ಬರುವುದಿಲ್ಲ."

ಯಾರೋ ಹಿಂದಿನಿಂದ ನಕ್ಕರು. ಸೆಕ್ರೆಟರಿ ಫೋನು ತೆಗೆದು ಒತ್ತಿದರು. ಗೇಟಿನಿಂದ ಗುರುಪಾದ ತನ್ನ ಫೋನು ಎತ್ತಿ ನನಗೆ ತೋರಿಸಿದ, ಹಸಿರಾಗಿತ್ತು. ಅವಳಿಗೆ ಹೇಳಿ ಕಳಿಸು ಎಂದು ಅವನಿಗೆ ಹೇಳಿ ಮೇಲೆ ಬಂದೆ.

ಮನೆಯಲ್ಲಿ ಸಂದೀಪ ಜೀವಮಾನದಲ್ಲೇ ಮೊದಲ ಸಲ ನನ್ನ ಮೇಲೆ ಕಿರುಚಿದ.

"ಖುಷಿ ಆಯ್ತಾ? ಓನರ್ ಫೋನ್ ಮಾಡಿ ಆಯ್ತು. ಮೇ ಕೊನೆಗೆ ಖಾಲಿ ಮಾಡ್ಬೇಕಂತೆ. ಎಲ್ಲಿಗೆ ಹೋಗುದು? ಹೇಳು."

"ಕುರ್ಲಾದ ಚಾಳಿನಲ್ಲಿ ನಿನ್ನನ್ನು ಹೆತ್ತೆ. ಅಲ್ಲಿ ಮೀನು ಹುರಿಯುವಾಗ ಬಾಗಿಲು ತೆರೆದೇ ಇತ್ತು."

"ಈಗ ಅಲ್ಲಿಗೆ ಹೋಗುದಾ?"

"ಎಲ್ಲಿಗಾದ್ರೂ ಹೋಗುವಾ. ಮತ್ತೊಬ್ಬರ ಹೆಸರಿನಲ್ಲಿ ಬದುಕುದು ಮಾತ್ರ ಬೇಡ."

ಶ್ರಾವ್ಯಾ ನಡುವೆ ಬಂದು, "ಅಜ್ಜಿ, ಹಾಗಾದ್ರೆ ಇವತ್ತು ಖಿಡ್ಕಿ ತೆಗೀಬಹುದಾ?" ಎಂದಳು. ಅವಳಪ್ಪ ಅವಳಿಗೂ ಗದರಿದ. ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಆದರೂ ನನಗೆ ಎದೆ ಹಗುರಾಗಿತ್ತು, ನಾನು ಏನೋ ದೊಡ್ಡದು ಮಾಡಿದ್ದೇನೆ ಎಂಬ ಹೆಮ್ಮೆಯೂ ಇತ್ತು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಲಿಫ್ಟಿನ ಸದ್ದಾಯಿತು. ನಾನು ಚಹಾಕ್ಕೆ ನೀರಿಟ್ಟು ಬಾಗಿಲು ತೆರೆದೆ. ಮಲ್ಲವ್ವ ಚೀಲ ಹಿಡಿದು ಬಂದಳು. ಸಣ್ಣಗಾಗಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದಳು.

"ಬಾ ಮಲ್ಲವ್ವ. ಒಳಗೆ ಬಾ."

"ಇಲ್ರಿ ಅಮ್ಮಾರ. ಬಾಜು ಮನ್ಯಾವರು ಕರದಾರ. ಮ್ಯಾಲಿನ ಎರಡ ಮನ್ಯಾವರೂ ಕರದಾರ. ಅಲ್ಲಿಗೆ ಬಂದೀನ್ರಿ."

"ಮತ್ತೆ ನಮ್ಮದು?"

"ನಿಮ್ಮನಿಗೆ ಬರಂಗಿಲ್ರಿ."

"ನಾನು ಎಲ್ಲರ ಮುಂದೆ ಹೇಳಿದೆ ಮಾರಾಯ್ತಿ. ಅದಕ್ಕೆ ನಮ್ಮ ಮನೆಯೇ ಹೋಗ್ತಾ ಉಂಟು."

"ಕೇಳೀನ್ರಿ. ಗುರುಪಾದ ಹೇಳ್ದ. ನನ್ನ ಹೆಸರ ಉಳಿಸಿದ್ರಿ, ಉಪಕಾರ ಆತು."

"ಯಕ್ಷಿತಾ ಮಾತಾಡಿದ್ದು ತಪ್ಪು. ಅವಳ ಹತ್ತಿರ ನಿನ್ನ ಕ್ಷಮೆ ಕೇಳಿಸ್ತೇನೆ."

ಮಲ್ಲವ್ವ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾರ ಬೈದದ್ದು ನನಗ ಅಷ್ಟ ಹತ್ತಿಲ್ರಿ. ಅವರು ಹಗಲೆಲ್ಲ ಹೊರಗ ದುಡಿಯೂವರು, ಅವರಿಗೇನ ಗೊತ್ತು. ಸೋಫಾದ ಮ್ಯಾಲ ಕುಂದ್ರು ಅಂದವರು ನೀವ. ಆವತ್ತ ನಿಮ್ಮ ಮಾರಿ ನೋಡಿದ್ನಿ, ನೀವು ಗ್ಯಾಸಿನ ಕಡೆ ತಿರುಗಿದ್ರಿ. ಗ್ಯಾಸ್ ಹಚ್ಚಿರಲೇ ಇಲ್ರಿ ಅಮ್ಮಾರ."

ಪಕ್ಕದ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆಯಿತು, ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು ನನಗೆ. ಬೈಯಲು ಬಾಯಿ ತೆರೆದೆ. ಬೈಸಿಕೊಳ್ಳಬೇಕಾದವಳು ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ.